ವಾಂತಿ ತರಿಸದ ಔಷಧಿ

ಹರಿಹರ
8-2-1999

ಚಿ. ಪುಷ್ಪಲತಾಳಿಗೆ ನಿನ್ನ ಅಜ್ಜಿ ಬರೆಯುವುದು.

ಕಾಗದದ ತಲೆಯ ಮೇಲೆ ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವುದು ಪದ್ಧತಿ. ಕ್ಷೇಮವೋ ಅಲ್ಲವೋ ಎಂದು ನಿನ್ನನ್ನು ಕೇಳುವುದಕ್ಕೇ ಕೂತಿರುವಾಗ ಆ ಸುಳ್ಳನ್ನು ಮೊದಲೇ ಯಾಕೆ ಬರೆಯಲಿ? ಫೋನು ಮಾಡು ಅಂದ ನಿಮ್ಮಪ್ಪ. ಗೌಸ್ ಪೀರ್‌ನ ಎಸ್‌ಟಿಡಿ ಅಂಗಡಿಯಲ್ಲಿ ನಿಂತು ಮಾತಾಡಿದರೆ ಅರ್ಧ ಹರಿಹರಕ್ಕೆ ಕೇಳಿಸುತ್ತದೆ, ಉಳಿದರ್ಧಕ್ಕೆ ಅವನೇ ಹೇಳುತ್ತಾನೆ. ಕೊಕ್ಕನೂರಿನ ಶಾಲೆಯಲ್ಲಿ ಮೂರನೇ ಕ್ಲಾಸಿನವರೆಗೆ ಕಲಿತ ಅಕ್ಷರ ನನಗಿನ್ನೂ ಸವೆದಿಲ್ಲ. ತಪ್ಪಿದ್ದರೆ ತಿದ್ದಿಕೊಂಡು ಓದು. ತಿದ್ದಿ ನನಗೆ ವಾಪಸ್ಸು ಕಳಿಸಬೇಡ.

ನಿಮ್ಮವ್ವನನ್ನು ಬೆಂಗಳೂರಿಗೆ ಕರೆಸಿಕೊಂಡು ಅದೇನೋ ಹೊಸ ಔಷಧಿ ಹಾಕಿಸಿದೆಯಲ್ಲ, ಅವಳು ರೈಲಿಳಿದು ನೆಟ್ಟಗೆ ನಡೆದು ಮನೆಗೆ ಬಂದಳು. ಕೈಕಾಲು ತೊಳೆದು, "ಪಲ್ಯ ಏನು ಮಾಡೀರಿ ಅತ್ತೆ?" ಅಂದಳು. ರೊಟ್ಟಿ ತಿಂದಳು. ಇನ್ನೊಂದು ಹಾಕಿಸಿಕೊಂಡು ಅದನ್ನೂ ತಿಂದಳು. ನಾನು ಬಾಗಿಲ ಹಿಂದೆ ಬಕೆಟ್ಟು ಇಟ್ಟುಕೊಂಡು ಕಾಯುತ್ತಿದ್ದೆ. ಅವಳು ಎಲೆಅಡಿಕೆ ಹಾಕಿಕೊಂಡು ಮಲಗಿಬಿಟ್ಟಳು. ಬಕೆಟ್ಟು ಒಣಗಿಕೊಂಡೇ ಇತ್ತು.

ಎರಡು ವರ್ಷದ ಹಿಂದೆ ಎದೆಯ ಗಂಟು ಕೊಯ್ಸಿದ ಮೇಲೆ ದಾವಣಗೆರೆಯಲ್ಲಿ ಹಾಕಿದ ಔಷಧಿಯನ್ನು ನೀನು ಮರೆತಿರಬಹುದು. ನಾನು ಮರೆತಿಲ್ಲ. ಅದೂ ಕೆಂಪಗಿತ್ತು. ಅದು ಮೈಗೆ ಹೋದ ಸಂಜೆಗೇ ಕರುಳು ಬಾಯಿಗೆ ಬರುವಂತೆ ಕಕ್ಕುತ್ತಿದ್ದಳು. ಬಾಚಣಿಗೆ ಹಾಕಿದರೆ ಜಡೆಯೇ ಕೈಗೆ ಬರುತ್ತಿತ್ತು. ಬಾಯ ತುಂಬ ಹುಣ್ಣು, ಗಂಜಿ ಕಂಡರೆ ಅಳುವಳು. ಅಂಥ ಔಷಧಿಗೂ ಬಗ್ಗದೆ ರೋಗ ಈಗ ಕಂಕುಳಲ್ಲಿ ಎದ್ದಿದೆ. ಅದಕ್ಕೆ ಈ ಸಪ್ಪೆ ಔಷಧಿಯೇ? ಹಾವು ಕಚ್ಚಿದವನಿಗೆ ಬೆಲ್ಲ ತಿನ್ನಿಸಿದ ಹಾಗೆ!

ನಿಮ್ಮಪ್ಪನನ್ನು ಕೂರಿಸಿಕೊಂಡು ಕೇಳಿದೆ.

"ಔಷಧಿ ಯಾವ ಬಣ್ಣ ಇತ್ತಲೇ ಗಿಡ್ಡಪ್ಪ?"

"ಕೆಂಪಗಿತ್ತವ್ವ."

"ಹಿಂದಿನಷ್ಟೇ ಕೆಂಪೋ?"

"ಒಂಚೂರು ತೆಳ್ಳಗಿತ್ತೇನೋ."

"ಆಸ್ಪತ್ರೆ ಕಾಗದಕ್ಕೆ ರುಜು ಹಾಕಿದ್ಯಂತೆ. ಏನು ಬರೆದಿತ್ತು?"

"ಇಂಗ್ಲೀಷ್ನಾಗಿತ್ತು."

"ಕನ್ನಡದಾಗಿರಲಿಲ್ಲೇನು?"

"ಅದೂ ಇತ್ತು. ಓದಾಕ ಹೋದ್ರೆ ಮಧ್ಯಾಹ್ನ ಆಗ್ತಿತ್ತು. ಪುಷ್ಪ ಹಾಕಪ್ಪ ಅಂದ್ಲು, ಹಾಕ್ದೆ."

ಹೆತ್ತ ನನಗೇ ನಾಚಿಕೆಯಾಯಿತು. ತೆಳ್ಳಗಿತ್ತಂತೆ! ಹಾಲಿಗೆ ನೀರು ಹಾಕಿದ್ದನ್ನು ಚೊಂಬು ಅಲ್ಲಾಡಿಸಿಯೇ ಹೇಳುವವಳು ನಾನು. ನೀನು ಔಷಧಿಯ ಓದು ಓದುವವಳು. ಇಲಿಗಳ ಮೇಲೆ ಮಾಡಿ ನೋಡುವುದನ್ನು ಮನುಷ್ಯರ ಮೇಲೂ ಮಾಡಿ ನೋಡುತ್ತಾರೆ ಎಂದು ಹಿಂದೊಮ್ಮೆ ನೀನೇ ಹೇಳಿದ್ದೆ. ನಿನಗೆ ನಿಮ್ಮವ್ವನೇ ಸಿಕ್ಕಿದಳೇ? ಇದರಿಂದ ನಿನಗೇನು ಬರುತ್ತದೆ? ಸುತ್ತಿ ಬಳಸದೆ ಬರೆ.

ಇಂತಿ
ಭೀಮವ್ವ


ಬೆಂಗಳೂರು
16-2-1999

ಪ್ರೀತಿಯ ಅಜ್ಜಿಗೆ,

ನಿಮ್ಮ ಕಾಗದ ಓದಿ ಮೊದಲು ನಗು ಬಂತು, ಆಮೇಲೆ ಬರಲಿಲ್ಲ.

ನನಗೆ ಇದರಿಂದ ಏನೂ ಬರುವುದಿಲ್ಲ. ಆ ಪ್ರಯೋಗ ಆಸ್ಪತ್ರೆಯವರದು, ನನ್ನ ಕಾಲೇಜಿನದಲ್ಲ. ಅವ್ವನನ್ನು ಸೇರಿಸಿಕೊಳ್ಳಿ ಎಂದು ಡಾಕ್ಟರ ಬಾಗಿಲಲ್ಲಿ ನಿಂತು ಬೇಡಿಕೊಂಡದ್ದು ಮಾತ್ರ ನಾನು. ಯಾಕೆಂದರೆ ಹಳೆಯ ಔಷಧಿಯನ್ನು ಮತ್ತೆ ಹಾಗೆಯೇ ಹಾಕಿದರೆ ಅವ್ವನ ಹೃದಯ ತಡೆಯುವುದಿಲ್ಲ. ಕ್ಯಾನ್ಸರಿಗಿಂತ ಮೊದಲು ಅದೇ ನಿಲ್ಲಬಹುದು ಎಂದರು.

ನೀರು ಬೆರೆಸಿಲ್ಲ ಅಜ್ಜಿ. ಅದೇ ಕೆಂಪು ಔಷಧಿ, ಆದರೆ ಕೊಬ್ಬಿನ ಗುಳ್ಳೆಗಳ ಒಳಗೆ ತುಂಬಿದ್ದಾರೆ. ಹೋಳಿಗೆಯ ಕಣಕದೊಳಗೆ ಹೂರಣ ಇರುತ್ತದಲ್ಲ, ಹಾಗೆ. ಎಷ್ಟು ಸಣ್ಣ ಹೋಳಿಗೆ ಎಂದರೆ ಸಾಸಿವೆ ಕಾಳಿನಲ್ಲಿ ಲೆಕ್ಕವಿಲ್ಲದಷ್ಟು ಹಿಡಿಯುತ್ತವೆ. ಒಳ್ಳೆಯ ಮಾಂಸದ ರಕ್ತನಾಳಗಳು ಮಿಲ್ಲಿನ ಬಟ್ಟೆಯಂತೆ ಒತ್ತಾಗಿ ನೇಯ್ದಿರುತ್ತವೆ. ಅಲ್ಲಿಂದ ಗುಳ್ಳೆ ಆಚೆ ಬರುವುದು ಕಷ್ಟ. ಕ್ಯಾನ್ಸರ್ ಗಂಟು ಅವಸರದಲ್ಲಿ ಬೆಳೆಯುತ್ತದೆ, ಅದರ ನಾಳಗಳು ಗೋಣಿಚೀಲದಂತೆ ಸಡಿಲ. ಗುಳ್ಳೆಗಳು ಅಲ್ಲಿ ಸೋರಿ, ಒಡೆದು, ಔಷಧಿ ಗಂಟಿಗೇ ಸೇರುತ್ತದೆ. ಹೊಟ್ಟೆಗೆ, ಕೂದಲಿಗೆ, ಹೃದಯಕ್ಕೆ ಹೋಗುವುದು ಕಡಿಮೆ. ಅದಕ್ಕೇ ವಾಂತಿ ಇಲ್ಲ.

ವಾಂತಿಯಾದರೇ ಔಷಧಿ ಎಂದು ಯಾರು ಹೇಳಿದರು? ಅವ್ವನಿಗೆ ಧೈರ್ಯ ಹೇಳಿ. ಮುಂದಿನ ಸಲ ತಿಂಗಳ ಕೊನೆಗೆ.

ನಿಮ್ಮ ಮೊಮ್ಮಗಳು
ಪುಷ್ಪಲತಾ


ಹರಿಹರ
6-3-1999

ಪುಷ್ಪಾ,

ಹೋಳಿಗೆ ಕಥೆ ಓದಿಸಿಕೊಂಡೆ. ನಿಮ್ಮಪ್ಪ ಓದಿದ, ನಾನು ಮತ್ತೊಮ್ಮೆ ಓದಿದೆ. ಚೆನ್ನಾಗಿದೆ. ಸಂತೆಯಲ್ಲಿ ಹಲ್ಲುಪುಡಿ ಮಾರುವವನೂ ಚೆನ್ನಾಗಿಯೇ ಹೇಳುತ್ತಾನೆ.

ಎರಡನೇ ಸಲವೂ ಹಾಕಿಸಿಕೊಂಡು ಬಂದಳು. ಈ ಸಲವೂ ಏನಿಲ್ಲ. ತಲೆಯ ಮೇಲೆ ಮತ್ತೆ ಬೆಳೆದ ಕೂದಲು ಹಾಗೇ ಇದೆ. ಬಾವಿಕಟ್ಟೆಯ ಹತ್ತಿರ ಹೆಂಗಸರು, "ಶಕುಂತಲಮ್ಮಗ ರೋಗ ಐತಂತೀರಿ, ಮದುವಣಗಿತ್ತಿ ಇದ್ದಂಗೆ ಅದಾಳೆ," ಅಂತಾರೆ. ರೋಗವನ್ನು ಕೊಲ್ಲುವ ವಿಷ ಒಳಗಿದ್ದರೆ ಮೈ ಒಂದಿಷ್ಟಾದರೂ ನರಳಬೇಡವೇ? ಬೇಲಿ ಅಲ್ಲಾಡದೆ ಹೊಲಕ್ಕೆ ಹಂದಿ ನುಗ್ಗಿತು ಎಂದರೆ ನಾನು ನಂಬುವುದಿಲ್ಲ.

ಅದಕ್ಕೆ ನಾನೇ ಒಂದು ಪರೀಕ್ಷೆ ಮಾಡಿದೆ. ಮೊದಲ ಸಲ ಬಂದಾಗ ಅವಳನ್ನು ಒಲೆಯ ಹತ್ತಿರ ಬಿಟ್ಟಿರಲಿಲ್ಲ. ರೇವಣ್ಣನ ಖಾನಾವಳಿಗೆ ಹೋಗುವ ರೊಟ್ಟಿಯನ್ನೆಲ್ಲ ನಾನೂ ಪಕ್ಕದ ಮನೆಯ ಮೈಲಪ್ಪನ ಹೆಂಡತಿಯೂ ಬಡಿದೆವು. ನಿಮ್ಮಪ್ಪ ಬುಟ್ಟಿಯನ್ನು ಬೆಳಗಿನ ಬಸ್ಸಿನಲ್ಲಿ ದಾವಣಗೆರೆಗೆ ಒಯ್ದು ರೇವಣ್ಣನಿಗೆ ಕೊಟ್ಟು, ಅಲ್ಲೇ ಕರೂರಿನ ಫ್ಯಾಕ್ಟರಿಗೆ ಕೆಲಸಕ್ಕೆ ಹೋಗುವುದು ನಿನಗೆ ಗೊತ್ತಲ್ಲ. ಮೈಲಪ್ಪನ ಹೆಂಡತಿಯ ರೊಟ್ಟಿ ಎಮ್ಮೆಯ ಕಿವಿ. ರೇವಣ್ಣ, "ನಿಮ್ಮ ಸೊಸೆ ಕೈ ಯಾವಾಗ ಬರುತ್ತೆ ಅಜ್ಜಿ?" ಎಂದು ಹೇಳಿಕಳಿಸಿದ್ದ.

ಈ ಸಲ ನಿಮ್ಮವ್ವನಿಗೇ ಹೇಳಿದೆ. "ಹೊಟ್ಟೆ ತೊಳಸಲ್ಲ, ತಲೆ ಸುತ್ತಲ್ಲ ಅಂದ್ರೆ ರೊಟ್ಟಿಗೆ ಕೂಡು." ಔಷಧಿ ನಿಜವಾಗಿದ್ದರೆ ಎರಡು ರೊಟ್ಟಿಗೇ ಎದ್ದು ಹೋಗುತ್ತಾಳೆ ಎಂದುಕೊಂಡಿದ್ದೆ. ಅವಳು ಸ್ವಲ್ಪ ಹೊತ್ತು ತನ್ನ ಅಂಗೈ ನೋಡಿಕೊಂಡಳು. ಏನೋ ಹೇಳಲು ಬಂದವಳು ಹಾಗೆಯೇ ಕೂತಳು. ಕುದಿಯುವ ಎಸರು ಹಿಟ್ಟಿಗೆ ಹುಯ್ದುಕೊಂಡು ಬಿಸಿಬಿಸಿಯಲ್ಲೇ ನಾದಿದಳು, ಬುಟ್ಟಿ ತುಂಬುವವರೆಗೂ ಬಡಿದಳು, ಏಳಲಿಲ್ಲ. ಮರುದಿನವೂ ಹಾಗೆಯೇ.

ಈಗ ನೀನೇ ಹೇಳು. ಒಳಗೆ ಔಷಧಿ ಇದೆಯೋ, ಬರೀ ಕಣಕವೋ?

ಭೀಮವ್ವ


ಹರಿಹರ
23-3-1999

ಪುಷ್ಪಾ,

ಯುಗಾದಿಗೆ ನೀನು ಬರಲಿಲ್ಲ. ಪರೀಕ್ಷೆ ಅಂದೆ. ಬಂದಿದ್ದರೆ ನಿನ್ನ ಕಣ್ಣಿಂದಲೇ ನೋಡುತ್ತಿದ್ದೆ.

ಹಬ್ಬಕ್ಕೆ ಮುಂಚೆಯೇ ರೊಟ್ಟಿ ಕೆಟ್ಟಿತ್ತು. ಒಂದು ಕಡೆ ದಪ್ಪ, ಒಂದು ಕಡೆ ಹರಿದದ್ದು. ಆ ಕೈ ಹಾಗೆ ಬಡಿಯುವ ಕೈಯಲ್ಲ. ಸೋಮಾರಿತನ ಅಂದುಕೊಂಡು ಒಂದು ಮಾತು ಅಂದೆ. ಅವಳು ಅಂಗೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಹಬ್ಬದ ದಿನ ಎಣ್ಣೆ ಹಚ್ಚಿಕೊಳ್ಳುವಾಗ ಚೊಂಬು ಕೈ ಜಾರಿ ಬಿತ್ತು. ಹಿಡಿದು ನೋಡಿದೆ. ಅಂಗೈ ಎರಡೂ ಕುಂಕುಮ ಕಲಸಿದಂತೆ ಕೆಂಪು. ಬೆರಳ ಬುಡದಲ್ಲಿ ಗುಳ್ಳೆ ಎದ್ದು ಚರ್ಮ ಈರುಳ್ಳಿ ಸಿಪ್ಪೆಯ ಹಾಗೆ ಸುಲಿದಿದೆ. ಅಂಗಾಲೂ ಅಷ್ಟೇ. ನೆಲಕ್ಕೆ ಕಾಲೂರಲು ಹಲ್ಲು ಕಚ್ಚುತ್ತಾಳೆ.

ಔಷಧಿ ಗಂಟಿಗೇ ಹೋಗುತ್ತದೆ ಎಂದು ಬರೆದೆ. ಮಿಲ್ಲಿನ ಬಟ್ಟೆ, ಗೋಣಿಚೀಲ ಎಂದೆ. ನನ್ನ ಸೊಸೆಯ ಅಂಗೈಯಲ್ಲಿ ಯಾವ ಗಂಟಿದೆ? ಅಂಗಾಲಿನಲ್ಲಿ ಯಾವ ಗಂಟಿದೆ? ಇಷ್ಟು ದಿನ ಔಷಧಿಯೇ ಇಲ್ಲ ಎಂದು ಹೆದರಿದ್ದೆ. ಈಗ ಅದು ಇದೆ, ಆದರೆ ದಾರಿ ತಪ್ಪಿ ಮೈತುಂಬ ಅಲೆಯುತ್ತಿದೆ ಎಂದು ಹೆದರುತ್ತಿದ್ದೇನೆ. ನಿಮ್ಮ ಡಾಕ್ಟರಿಗೆ ಇದು ಗೊತ್ತಿತ್ತೋ, ಅಥವಾ ನಿಮ್ಮವ್ವನ ಕೈ ನೋಡಿ ಕಲಿಯುತ್ತಾರೋ?

ಮೂರನೇ ಸಲಕ್ಕೆ ಕಳಿಸುವುದಿಲ್ಲ. ನಿಮ್ಮಪ್ಪನ ರುಜು ನನ್ನ ರುಜುವಲ್ಲ.

ಭೀಮವ್ವ


ಬೆಂಗಳೂರು
28-3-1999

ಅಜ್ಜಿ,

ಗೊತ್ತಿತ್ತು. ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು, ಅವ್ವನಿಗೂ ಗೊತ್ತಿತ್ತು.

ಎರಡು ಸಲವೂ ಡಾಕ್ಟರು ನನ್ನೆದುರಿಗೇ ಅವ್ವನಿಗೆ ಹೇಳಿದ್ದಾರೆ. ಬಿಸಿನೀರಿನಲ್ಲಿ ಕೈ ಹಾಕಬಾರದು, ಒಲೆಯ ಹತ್ತಿರ ಹೋಗಬಾರದು, ಅಂಗೈ ಒತ್ತುವ, ತಿಕ್ಕುವ ಕೆಲಸ ಮಾಡಬಾರದು. ಈ ಗುಳ್ಳೆಗಳು ತುಂಬ ದಿನ ರಕ್ತದಲ್ಲಿ ಸುತ್ತುತ್ತಿರುತ್ತವೆ. ಬಿಸಿ ತಾಕಿದ, ಒತ್ತಿದ ಚರ್ಮದ ಸಣ್ಣ ನಾಳಗಳಲ್ಲಿ ಅವು ಜಿನುಗಿಬಿಡುತ್ತವೆ. ಹಳೆಯ ಔಷಧಿ ಹೊಟ್ಟೆಯನ್ನು ಹಿಡಿಯುತ್ತಿತ್ತು. ಇದು ಹಿಡಿದರೆ ಅಂಗೈ, ಅಂಗಾಲನ್ನು ಹಿಡಿಯುತ್ತದೆ.

ಆ ಕೈಗೆ ನೀವು ಕುದಿಯುವ ಹಿಟ್ಟು ಕೊಟ್ಟಿರಿ. ಬುಟ್ಟಿಗಟ್ಟಲೆ ರೊಟ್ಟಿ ಬಡಿಸಿದಿರಿ, ಅದೂ ಪರೀಕ್ಷೆಗಂತ! ನಿಮಗೆ ಅವ್ವ ಹೇಳಿರಲೇ ಇಲ್ಲವೇ? ಅಥವಾ ಹೇಳಿದರೂ ನೀವು ಬೇಕೆಂದೇ ಕೂರಿಸಿದಿರಾ? ಹೀಗೆ ಕೇಳುವುದು ತಪ್ಪು ಎಂದು ಗೊತ್ತು. ಆದರೆ ನಾನು ಆ ಮನೆಯಲ್ಲೇ ಬೆಳೆದವಳು. ಅವ್ವ ಜ್ವರ ಬಂದಾಗಲೂ ನಿಮ್ಮೆದುರು ಮಲಗಿದ್ದನ್ನು ನಾನು ನೋಡಿಲ್ಲ.

ಕೈ ವಾಸಿಯಾಗುವವರೆಗೆ ಮುಂದಿನ ಸಲವನ್ನು ತಳ್ಳುತ್ತಾರೆ. ಔಷಧಿ ನಿಲ್ಲಿಸಿದರೆ ಬೇರೆ ದಾರಿ ಹೆಚ್ಚಿಲ್ಲ. ನೀವು ಕಳಿಸದಿದ್ದರೆ ನಾನೇ ಬಂದು ಅವ್ವನನ್ನು ಕರೆದುಕೊಂಡು ಹೋಗುತ್ತೇನೆ. ತಿರುಗಿ ಕಳಿಸುವುದಿಲ್ಲ.

ಪುಷ್ಪಲತಾ


ಹರಿಹರ
9-4-1999

ಚಿ. ಪುಷ್ಪಲತಾಳಿಗೆ,

ನಿನ್ನ ಕಾಗದವನ್ನು ನಿಮ್ಮಪ್ಪನ ಕೈಗೆ ಕೊಡಲಿಲ್ಲ. ನಾನೇ ಅಕ್ಷರ ಕೂಡಿಸಿಕೊಂಡು ಓದಿದೆ. ಬೇಕೆಂದೇ ಎಂಬ ಮಾತನ್ನು ಓದಲು ಹೆಚ್ಚು ಹೊತ್ತು ಹಿಡಿಯಿತು.

ಮೊದಲು ನಿನ್ನ ಪಾಲು ತೀರಿಸುತ್ತೇನೆ. ಹೋಳಿಗೆ ಬರೆದೆ, ಸಾಸಿವೆ ಬರೆದೆ, ಗೋಣಿಚೀಲ ಬರೆದೆ. ಅಜ್ಜೀ, ಅವ್ವನ ಕೈ ಬೆಂಕಿಗೆ ಸೋಕದಂತೆ ನೋಡಿಕೊಳ್ಳಿ ಎಂದು ಒಂದು ಸಾಲು ಬರೆಯಲಿಲ್ಲ. ಔಷಧಿ ಎಷ್ಟು ಜಾಣ ಎಂದು ನನಗೆ ತಿಳಿಸುವ ಆತುರ ನಿನಗೆ. ಮನೆಯಲ್ಲಿ ಏನು ಮಾಡಬೇಕು ಎಂದು ನನಗೆ ಯಾರು ಹೇಳಬೇಕಿತ್ತು?

ಇನ್ನು ನಿಮ್ಮವ್ವ. ನಿನ್ನ ಕಾಗದ ಓದಿದ ದಿನ ಅವಳು ಹಿತ್ತಲಲ್ಲಿ ಬೇವಿನ ನೆರಳಿಗೆ ಕೂತು ಅಂಗೈಗೆ ಬೆಣ್ಣೆ ಸವರಿಕೊಳ್ಳುತ್ತಿದ್ದಳು. ಹೋಗಿ ಎದುರಿಗೆ ಕೂತೆ.

"ಒಲೆ ಮುಂದೆ ಕೂಡಬ್ಯಾಡ ಅಂತ ಡಾಕ್ಟ್ರು ಹೇಳಿದ್ರೇನು?"

"ಹ್ಞೂಂ."

"ಮತ್ಯಾಕ ಕೂತಿ?"

"ನೀವು ಕೂಡು ಅಂದ್ರಲ್ಲ."

"ನಾನು ಬಾವಿಗೆ ಬೀಳು ಅಂದ್ರೆ ಬೀಳ್ತಿದ್ದೇನು? ಬಾಯಿಲ್ಲೇನು ನಿನಗ? ಹೇಳಬೇಕಿತ್ತು."

ಅವಳು ಬೆಣ್ಣೆಯ ಬಟ್ಟಲು ಪಕ್ಕಕ್ಕಿಟ್ಟಳು. "ಹೆಂಗೆ ಹೇಳಲ್ರಿ ಅತ್ತೆ? ವಾಂತಿ ಇಲ್ಲ, ಜ್ವರ ಇಲ್ಲ, ಎರಡು ಹೊತ್ತು ಉಣ್ತೀನಿ. ಅಂಥಾಕಿ ಬಂದು ರೊಟ್ಟಿ ಬಡೀಬ್ಯಾಡ ಅಂದಾರೆ ಡಾಕ್ಟ್ರು ಅಂದ್ರೆ ನೀವು ನಂಬ್ತಿದ್ರೇನು?"

ನಂಬುತ್ತಿರಲಿಲ್ಲ. ಒಳ್ಳೆಯ ಡಾಕ್ಟರು, ಯಾವ ಸೊಸೆಯನ್ನು ಕೇಳಿ ಬರೆದುಕೊಟ್ಟನೋ ಈ ಪಥ್ಯ ಎಂದು ಬೀದಿಯವರೆಲ್ಲ ನಗುವಂತೆ ಅನ್ನುತ್ತಿದ್ದೆ. ಅದು ಅವಳಿಗೂ ಗೊತ್ತು, ನನಗೂ ಗೊತ್ತು. ಇಬ್ಬರೂ ಕೋಳಿ ಕೆದಕುವುದನ್ನು ನೋಡುತ್ತ ಕೂತೆವು.

ಆಮೇಲೆ ನಾನೇ ಅಂದೆ, "ಆ ಔಷಧಿ ಬ್ಯಾಡ. ಕೈ ಸುಟ್ಟಿದ್ದೊಂದೇ ಕಾಣ್ತದೆ. ಒಳಗೇನು ಮಾಡೇತೋ ಯಾರು ಕಂಡಾರ? ಗಂಟು ಕರಗೇತಿ ಅಂತ ಅವ್ರು ಹೇಳ್ತಾರ. ಔಷಧಿ ಕೊಟ್ಟೋರೇ ಗುಣ ಆತು ಅಂದ್ರೆ, ಹುಡುಗ ತಾನೇ ಪೇಪರು ತಿದ್ದಿ ಪಾಸಾದಂಗೆ."

ಅವಳು ನನ್ನ ಮುಖ ನೋಡಿದಳು. ಎಡಗೈ ಮೇಲೆತ್ತಿ, "ಯಾರನ್ನೂ ನಂಬಬ್ಯಾಡ್ರಿ. ಮುಟ್ಟಿ ನೋಡ್ರಿ," ಅಂದಳು.

ಅವಳು ಈ ಮನೆಗೆ ಬಂದಾಗಿನಿಂದ ಅವಳ ಹೆರಿಗೆಯಲ್ಲೊಮ್ಮೆ, ಹಬ್ಬದಲ್ಲಿ ಅಂಗೈ ಹಿಡಿದದ್ದೊಮ್ಮೆ ಬಿಟ್ಟರೆ ನಾನು ಅವಳ ಮೈ ಮುಟ್ಟಿದ್ದಿಲ್ಲ. ಬೆರಳಿಟ್ಟೆ. ಕಂಕುಳಲ್ಲಿ ಸಣ್ಣಗೆ ಏನೋ ಸಿಕ್ಕಿತು, ಬಟಾಣಿ ಕಾಳಿನಷ್ಟು.

"ಮೊದ್ಲು ಎಷ್ಟಿತ್ತು?"

"ಗೋಟಡಿಕೆಯಷ್ಟು."

ಮೊದಲು ನಾನು ಮುಟ್ಟಿ ನೋಡಿರಲಿಲ್ಲ. ಗೋಟಡಿಕೆಯಷ್ಟಿತ್ತು ಎನ್ನುವುದಕ್ಕೆ ಅವಳ ಮಾತೊಂದೇ ಇರುವುದು. ತೆಗೆದುಕೊಂಡೆ ಆ ಮಾತನ್ನು. ತೆಗೆದುಕೊಂಡೆ ಎಂದು ಊರಿಗೆಲ್ಲ ಹೇಳಬೇಡ.

ಕೈ ಒಣಗುತ್ತಿದೆ. ಹೊಸ ಚರ್ಮ ಬರುತ್ತಿದೆ. ಡಾಕ್ಟರು ಕರೆದ ದಿನ ನಾನೇ ಜೊತೆಗೆ ಬರುತ್ತೇನೆ. ಔಷಧಿ ಹಾಕಿಸಲು ಎಂದುಕೊಳ್ಳಬೇಡ. ಅವರ ಮುಖ ನೋಡಬೇಕು, ಅಷ್ಟೇ.

ಭೀಮವ್ವ


ಹರಿಹರ
19-5-1999

ಪುಷ್ಪಾ,

ಬೆಂಗಳೂರಿನಿಂದ ಬಂದ ಮೇಲೆ ಬರೆಯಲಿಲ್ಲ ಎಂದು ನೀನು ಕೋಪ ಮಾಡಿಕೊಂಡು ಕಾರ್ಡು ಹಾಕಿದ್ದೀಯ. ಬರೆಯಲು ಕೈಗೆ ಬಿಡುವಿರಲಿಲ್ಲ. ಯಾಕೆಂದು ಮುಂದೆ ಹೇಳುತ್ತೇನೆ.

ಆವತ್ತು ಆಸ್ಪತ್ರೆಯಲ್ಲಿ ನಿಮ್ಮವ್ವನ ಜೊತೆ ಒಳಗೆ ಒಬ್ಬರನ್ನೇ ಬಿಡುತ್ತೇವೆ ಅಂದರು. ನಾನು ಹೋದೆ, ನೀನೂ ನಿಮ್ಮಪ್ಪನೂ ಬೆಂಚಿನ ಮೇಲೆ ಉಳಿದಿರಿ. ಒಳಗೆ ಏನಾಯಿತೆಂದು ರೈಲು ಹತ್ತುವವರೆಗೂ ನೀನು ಕೇಳಿದೆ, ನಾನು ಹೇಳಲಿಲ್ಲ. ಈಗ ಕೇಳು.

ಡಾಕ್ಟರು ಸಣ್ಣ ವಯಸ್ಸಿನವನು, ಕನ್ನಡ ಚೆನ್ನಾಗಿ ಬರುತ್ತದೆ. ನಿಮ್ಮವ್ವನ ಅಂಗೈಯನ್ನು ದೀಪದ ಕೆಳಗೆ ಹಿಡಿದು ನೋಡಿದ. ಹೊಗಳಲಿಲ್ಲ, ಹೆದರಿಸಲಿಲ್ಲ. "ಔಷಧಿ ಕಡಿಮೆ ಮಾಡಿ, ದಿನ ದೂರ ಮಾಡಿ ಕೊಡಬಹುದು. ನಿಲ್ಲಿಸಲೂಬಹುದು. ಗಂಟು ಚಿಕ್ಕದಾಗಿದೆ, ಹೋಗಿಲ್ಲ. ಹೋಗುತ್ತದೆ ಎಂದು ನಾನು ಮಾತು ಕೊಡುವುದಿಲ್ಲ," ಅಂದ. ಮಾತು ಕೊಡುವುದಿಲ್ಲ ಎಂದನಲ್ಲ, ಆ ಒಂದಕ್ಕೆ ಅವನ ಮೇಲಿನ ಗುಮಾನಿ ಚೂರು ಸಡಿಲವಾಯಿತು. ಆಮೇಲೆ ನನ್ನ ಕಡೆ ತಿರುಗಿ, "ನೀವೇನಂತೀರಿ ಅಜ್ಜಿ?" ಅಂದ.

ರೈಲಿನುದ್ದಕ್ಕೂ ಜೋಡಿಸಿಕೊಂಡು ಹೋಗಿದ್ದೆ. ಬಾಯಿ ತೆರೆದೆ.

"ಅತ್ತೆ, ಸುಮ್ನಿರ್ರಿ," ಅಂದಳು ನಿಮ್ಮವ್ವ. "ಸರ್, ನನ್ನ ಕೇಳ್ರಿ. ಮೈ ನಂದು."

ಡಾಕ್ಟರು ಅವಳ ಕಡೆ ತಿರುಗಿದ.

"ಹಾಕ್ರಿ. ಹಿಂದಿನ ಔಷಧಿದಾಗ ಇಡೀ ದಿನ ವಾಂತಿ ಮಾಡ್ಕೊಂಡೆ. ನನ್ನ ಬದ್ಲು ವಾಂತಿ ಯಾರೂ ಮಾಡಾಕ ಆಗಲಿಲ್ಲ. ಇದ್ರಾಗ ಅಂಗೈ ಒಂದು ಕಾಯ್ಕಂಡ್ರೆ ಸಾಕಂತೀರಿ. ನನ್ನ ಬದ್ಲು ರೊಟ್ಟಿನಾದ್ರೂ ಬೇರೇರು ಬಡೀಬೋದು."

ಹಾಗೆಂದು ನನ್ನ ಕಡೆ ನೋಡಿದಳು. ಡಾಕ್ಟರೂ ನೋಡಿದ. ಸೂಜಿ ಹಿಡಿದು ನಿಂತಿದ್ದ ಹುಡುಗಿಯೂ ನೋಡಿದಳು.

"ಬಡೀತೀನಿ," ಅಂದೆ. ಇನ್ನೇನು ಅನ್ನಲಿ?

ಔಷಧಿ ಇಳಿಯುವಷ್ಟು ಹೊತ್ತು ಮಂಜುಗಡ್ಡೆಯ ಚೀಲ ಅಂಗೈಯಲ್ಲಿ ಇಟ್ಟುಕೊಳ್ಳಬೇಕಂತೆ. ಅವಳಿಗೆ ಸೂಜಿ ಚುಚ್ಚಿದ ಕೈ ಅಲ್ಲಾಡಿಸಲು ಬರುವುದಿಲ್ಲ. ಅಡಿಯಿಂದ ಕೈಕೊಟ್ಟು ನಾನೇ ಹಿಡಿದುಕೊಂಡೆ. ನನ್ನ ಬೆರಳು ಮರಗಟ್ಟಿದವು. ಸುಮ್ನಿರ್ರಿ ಅನ್ನಿಸಿಕೊಂಡು ಬಂದವಳು ನಿನಗೆ ಆವತ್ತು ಏನಂತ ಹೇಳಲಿ?

ಮನೆಗೆ ಬಂದ ಮೇಲೆ ಅವಳ ಮೇಲೆ ಕಣ್ಣಿಟ್ಟಿದ್ದೇನೆ. ನೀನು ಅವ್ವ ಸಾಧು ಅಂದುಕೊಂಡಿದ್ದೀಯ. ಮಹಾ ಕಳ್ಳಿ. ನಾನು ಸಂತೆಗೆ ಹೋದರೆ ಬಟ್ಟೆ ಒಗೆಯಲು ಕೂರುತ್ತಾಳೆ. ಸ್ನಾನದ ನೀರನ್ನು ನಾನೇ ಬೆರಳದ್ದಿ ನೋಡದೆ ಬಿಡುವುದಿಲ್ಲ. ಚಹಾದ ಲೋಟ ಆರುವವರೆಗೆ ಅವಳ ಕೈಗೆ ಕೊಡುವುದಿಲ್ಲ. "ಇದೇನು ಚಹಾನೋ ಚರಂಡಿ ನೀರೋ?" ಅನ್ನುತ್ತಾಳೆ. ಆರಿದ್ದನ್ನೇ ಕುಡಿ ಅನ್ನುತ್ತೇನೆ.

ರೇವಣ್ಣನ ಬುಟ್ಟಿಗೆ ಈಗ ಬೀಳುವುದು ಹೆಚ್ಚಿನಂಶ ನನ್ನ ರೊಟ್ಟಿ. ಅದಕ್ಕೇ ಬಿಡುವಿಲ್ಲ ಅಂದದ್ದು. ಈ ವಯಸ್ಸಿಗೆ ತೋಳು ಸೇದುತ್ತದೆ. ಮೈಲಪ್ಪನ ಹೆಂಡತಿ ಬೇಯಿಸುತ್ತಾಳೆ.

ಮೊನ್ನೆ ಅಂಗೈ ತಿರುಗಿಸಿ ನೋಡಿದೆ. ಕೆಂಪಿಲ್ಲ. ನನಗೆ ಮತ್ತೆ ಹಳೆಯ ಸಂಕಟ. ಔಷಧಿ ಕಡಿಮೆ ಮಾಡಿದ್ದಾರಲ್ಲ, ಪೂರಾ ಕಡಿಮೆ ಮಾಡಿಬಿಟ್ಟರೇನೋ ಅಂತ. "ಕೈ ಎತ್ತು," ಅಂದೆ. ಈ ಸಲ ಕೂಡಲೇ ಎತ್ತಿದಳು. ಬಟಾಣಿಯಿದ್ದ ಜಾಗಕ್ಕೇ ಬೆರಳಿಟ್ಟೆ. ಸಿಗಲಿಲ್ಲ. ಅತ್ತಿತ್ತ ಹುಡುಕಿದೆ. ಎಲ್ಲೋ ಆಳದಲ್ಲಿ, ಎಳ್ಳು ಕಾಳಿನಷ್ಟು ಇದೆಯೋ ಇಲ್ಲವೋ ಎನ್ನುವ ಹಾಗೆ ತಾಕಿತು. ಈ ಬಟಾಣಿಯನ್ನು ಮೊದಲೇ ನಾನು ಮುಟ್ಟಿ ನೋಡಿದ್ದೆ, ಇದಕ್ಕೆ ಯಾರ ಮಾತೂ ಬೇಕಿಲ್ಲ. ಆದರೂ ಇನ್ನೂ ಇದೆ ಅಂತಲೇ ತಿಳಿದುಕೊಳ್ಳುತ್ತೇನೆ. ಹೋಯಿತು ಅಂದುಕೊಂಡು ಒಮ್ಮೆ ಮೋಸ ಹೋಗಿದ್ದೇವೆ. ವಾರವಾರವೂ ನೋಡುತ್ತೇನೆ.

ಒಂದು ಹೊಸ ತೊಂದರೆ ಶುರುವಾಗಿದೆ. ಅವಳು ಒಲೆಯಿಂದ ದೂರ, ಹೊಸ್ತಿಲ ಮೇಲೆ ಕೈ ಕಟ್ಟಿಕೊಂಡು ಕೂರುತ್ತಾಳೆ. ನಾನು ರೊಟ್ಟಿ ಬಡಿಯುವುದನ್ನು ನೋಡುತ್ತಾಳೆ.

"ಅಂಚು ದಪ್ಪ ಆತ್ರಿ ಅತ್ತೆ."

ಅಂಚಿಗೆ ಇನ್ನೆರಡು ಏಟು ಹಾಕುತ್ತೇನೆ.

"ಹಿಟ್ಟು ಇನ್ನೊಂಚೂರು ನಾದಬೇಕಿತ್ತು."

ಮುಂದಿನ ಮುದ್ದೆಯನ್ನು ಇನ್ನೊಮ್ಮೆ ನಾದುತ್ತೇನೆ. ನಿನ್ನೆಯಂತೂ ಒಂದು ರೊಟ್ಟಿ ಎತ್ತಿ ಬೆಳಕಿಗೆ ಹಿಡಿದು, "ಇದನ್ನ ರೇವಣ್ಣಗ ಕಳಿಸಬ್ಯಾಡ್ರಿ, ಮನಿಗಿರ್ಲಿ," ಎಂದು ಬುಟ್ಟಿಯಿಂದ ಆಚೆ ಹಾಕಿದಳು! ಮದುವೆಯಾಗಿ ಬಂದ ವರ್ಷ ಅವಳ ರೊಟ್ಟಿಯನ್ನು ನಾನು ಹೀಗೇ ಆಚೆ ಹಾಕುತ್ತಿದ್ದೆ. ಮೈಲಪ್ಪನ ಹೆಂಡತಿ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕಳು.

ಹಳೆಯ ಔಷಧಿಗೆ ಅವಳ ಕೂದಲು ಉದುರಿತು, ಇದಕ್ಕೆ ಬಾಯಿ ಬಂದಿದೆ. ಇದೂ ಆ ಗುಳ್ಳೆಗಳ ಕೆಲಸವೇ ಎಂದು ನಿಮ್ಮ ಡಾಕ್ಟರನ್ನು ಕೇಳಿ ಬರೆ. ಹೌದೆಂದರೆ, ಅದನ್ನು ನಿಲ್ಲಿಸಲು ಬೇರೆ ಔಷಧಿ ಇದೆ ಎಂದು ಅವನು ಹೇಳಿದರೂ, ಬರೆಸಿಕೊಂಡು ಬರಬೇಡ.

ನಿನ್ನ ಅಜ್ಜಿ
ಭೀಮವ್ವ